ಬೆಕ್ಕು ನೆಟ್ಟ ಮರಗಳು

ವೇದಿಕೆಯ ಮೇಲೆ ಆಸೀನರಾಗಿರುವ, ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಹಿರಿಯ ದಾದಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಅರಣ್ಯಾಧಿಕಾರಿಗಳೇ, ಇವತ್ತು ಸನ್ಮಾನ ಸ್ವೀಕರಿಸಲಿರುವ ನನ್ನ ತಾಯಿಯವರೇ, ಅದೇ ಸನ್ಮಾನವನ್ನು ಪಕ್ಕದ ಕುರ್ಚಿಯಲ್ಲೇ ಕೂತು ಸ್ವೀಕರಿಸಲಿರುವ ನನ್ನ ಯಜಮಾನರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ‘ಬೇಗ ಮುಗಿಸು’ ಅಂತ ಕೈಸನ್ನೆ ಮಾಡುತ್ತಿರುವ ನಮ್ಮ ಮಾವನವರೇ, ಮತ್ತು ಪ್ರೀತಿಯ ಸಭಿಕರೇ,

ನಾನು ದರ್ಜಿ. ಅಳತೆ ತೆಗೆದುಕೊಳ್ಳುವಾಗ ಬಿಟ್ಟರೆ ನನಗೆ ಜಾಸ್ತಿ ಮಾತಾಡಿ ಅಭ್ಯಾಸವಿಲ್ಲ. ಆಗಲೂ ‘ಕೈ ಎತ್ತಿ, ಉಸಿರು ಬಿಡಿ’ ಅನ್ನುವುದಷ್ಟೇ. ಸಂಘದವರು ಬಂದು, ‘ಇಬ್ಬರ ಬಗ್ಗೆಯೂ ಒಬ್ಬರೇ ಮಾತಾಡಬೇಕು, ಇಬ್ಬರನ್ನೂ ಬಲ್ಲವರು ನೀವೇ’ ಅಂದರು. ಹೌದು, ಬಲ್ಲೆ. ಒಬ್ಬರ ಹೊಟ್ಟೆಯಲ್ಲಿ ಹುಟ್ಟಿದೆ, ಇನ್ನೊಬ್ಬರ ಕೈ ಹಿಡಿದೆ. ಆದರೆ ಸಭಿಕರೇ, ಈ ಇಬ್ಬರೂ ಒಂದೇ ವೇದಿಕೆಯ ಮೇಲೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಾರಲ್ಲ, ಇದನ್ನು ನೋಡಿ ನನಗೆ ಎದೆ ಹೊಡೆದುಕೊಳ್ಳುತ್ತಿದೆ. ಮೈಕು ನಡುಗುತ್ತಿದ್ದರೆ ಅದು ಮೈಕಿನ ತಪ್ಪಲ್ಲ, ದಯವಿಟ್ಟು ಯಾರೂ ಸರಿಮಾಡಲು ಬರಬೇಡಿ.

ಹೊಸಬರಿಗಾಗಿ ಹೇಳಿಬಿಡುತ್ತೇನೆ. ನಮ್ಮ ತಾಯಿ ಮದ್ದು ಕೊಡುವವರು. ಅವರ ತಾಯಿಯೂ ಮದ್ದು ಕೊಡುತ್ತಿದ್ದರು, ಅವರ ಸೋದರತ್ತೆಯೂ. ಊರೆಲ್ಲ ಅವರನ್ನು ಮದ್ದಿನಮ್ಮ ಅನ್ನುತ್ತದೆ. ಗುಡ್ಡದ ಮೇಲೆ ಯಾವ ಬಂಡೆಯ ನೆರಳಲ್ಲಿ ಯಾವ ಬಳ್ಳಿ, ಯಾವ ತೊಗಟೆಯನ್ನು ಯಾವ ಕಡೆಯಿಂದ ತೆಗೆದರೆ ಮರಕ್ಕೆ ನೋವಾಗುವುದಿಲ್ಲ, ಎಲ್ಲ ಅವರಿಗೆ ಗೊತ್ತು. ನಮ್ಮ ಯಜಮಾನರು ಬೇಟೆಗಾರರ ಮನೆಯವರು. ಮಣ್ಣಿನ ಮೇಲೆ ಒಂದು ಹೆಜ್ಜೆ ಗುರುತು ನೋಡಿ, ಈ ಪ್ರಾಣಿ ಬಸುರಿ, ಇದು ಕುಂಟ, ಇದಕ್ಕೆ ಹಸಿವಿತ್ತು, ಇದು ಸುಮ್ಮನೆ ತಿರುಗಾಡಲು ಹೊರಟಿತ್ತು ಅಂತ ಹೇಳುವವರು. ಪ್ರಾಣಿಯ ಮನಸ್ಸು ಇಷ್ಟು ತಿಳಿಯುತ್ತದೆ, ಮನೆಯಲ್ಲಿ ಕೂತವಳ ಮನಸ್ಸು ಮಾತ್ರ... ಇರಲಿ.

ಅವರು ನಮ್ಮ ಮನೆಗೆ ಮೊದಲು ಬಂದದ್ದು ಗಾಯ ಮಾಡಿಕೊಂಡು. ಉರುಳಿನ ತಂತಿ ಅಂಗೈಯನ್ನು ಸೀಳಿತ್ತು. ಅಮ್ಮ ಸೊಪ್ಪು ಅರೆದು ಹಚ್ಚಿದರು, ನಾನು ಬಟ್ಟೆ ಕಟ್ಟಿದೆ. ಮರುದಿನ ಬಂದರು, ಕಟ್ಟಿದೆ. ಅದರ ಮರುದಿನವೂ ಬಂದರು. ಕೊನೆಗೊಂದು ದಿನ ಅಮ್ಮ ಆ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ವಾಸಿಯಾಗಿ ಎಷ್ಟೋ ಕಾಲವಾಯ್ತಲ್ಲಪ್ಪ, ಇನ್ನೇನು ಕಟ್ಟಬೇಕು?’ ಅಂದರು. ಅವರು ನನ್ನ ಕಡೆ ನೋಡಿದರು. ನಾನು ಬಟ್ಟೆಯ ಕಡೆ ನೋಡಿದೆ. ಹೀಗೆ ನಮ್ಮ ಮದುವೆಯಾಯಿತು.

ಅಮ್ಮನ ಮನೆ, ನಮ್ಮ ಮನೆ, ನಡುವೆ ಒಂದೇ ಗೋಡೆ, ಆ ಗೋಡೆಗೊಂದು ಬಾಗಿಲು. ಆ ಬಾಗಿಲ ಹತ್ತಿರ ಬೆಳಕು ಚೆನ್ನಾಗಿ ಬೀಳುತ್ತದೆ ಅಂತ ನಾನು ಹೊಲಿಗೆ ಮೆಷಿನ್ ಅಲ್ಲೇ ಇಟ್ಟುಕೊಂಡೆ. ಬೆಳಕಿಗೆ ಅಂತ ಇಟ್ಟದ್ದು. ಅದು ಎರಡು ಮನೆಗಳ ನಡುವಿನ ಗಡಿ ಚೌಕಿಯಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನಿಮಗೆಲ್ಲ ನೆನಪಿರುವ ಆ ಜ್ವರದ ಮಳೆಗಾಲ. ಮನೆಮನೆಯಲ್ಲೂ ಯಾರಾದರೊಬ್ಬರು ಕಂಬಳಿ ಹೊದ್ದು ಮಲಗಿದ್ದರು. ಅಮ್ಮ ಜ್ವರದ ಮರದ ತೊಗಟೆಗೆ ಅಂತ ನನ್ನ ಕೈ ಹಿಡಿದು ಗುಡ್ಡ ಹತ್ತಿದರು. ಇದ್ದವೆಲ್ಲ ಮುದಿ ಮರಗಳು. ಮೈಯೆಲ್ಲ ಕೆತ್ತಿದ ಗಾಯಗಳು. ಇನ್ನೂ ಕೆತ್ತಿದರೆ ಸತ್ತೇ ಹೋಗುತ್ತವೆ. ಸರಿ, ಎಳೆ ಮರ ಎಲ್ಲಿ? ಹುಡುಕಿದರು. ಸಸಿ ಎಲ್ಲಿ? ಹುಡುಕಿದರು. ಇಡೀ ಗುಡ್ಡದಲ್ಲಿ ಒಂದು ಎಳೆಯ ಜ್ವರದ ಮರ ಇಲ್ಲ! ಕೆಳಗೆ ಹಣ್ಣು ರಾಶಿ ಬಿದ್ದು ಕೊಳೆಯುತ್ತಿದೆ, ಒಂದೂ ಮೊಳಕೆಯಿಲ್ಲ. ಅಮ್ಮ ಇಳಿದು ಬಂದವರೇ, ಕಾಲು ಕೂಡ ತೊಳೆಯದೆ, ‘ನಿಮ್ಮ ಬೇಟೆಯವರು ಓಡಾಡಿ ಓಡಾಡಿ ಸಸಿಯನ್ನೆಲ್ಲ ತುಳಿದು ಹಾಕಿದ್ದೀರಿ’ ಅಂದರು. ಇವರು ಊಟಕ್ಕೆ ಕೂತಿದ್ದವರು, ತಟ್ಟೆಯಿಂದ ತಲೆ ಎತ್ತದೆ, ‘ನಿಮ್ಮವರ ಗುದ್ದಲಿ ಹೋದ ಕಡೆ ಏನು ತಾನೇ ಉಳಿದಿದೆ?’ ಅಂದರು.

ಅಷ್ಟೇ. ಅವತ್ತಿಗೆ ಮಾತು ನಿಂತಿತು.

ಮಾತು ನಿಂತಿತು ಅಂದರೆ ಅವರಿಬ್ಬರ ನಡುವೆ. ನನ್ನ ಮೂಲಕ ಧಾರಾಳವಾಗಿ ನಡೆಯುತ್ತಿತ್ತು. ‘ನಿನ್ನ ಗಂಡನಿಗೆ ಹೇಳು, ಬಾಗಿಲ ಬಳಿ ಚಪ್ಪಲಿ ಬಿಡಬೇಡ ಅಂತ.’ ‘ನಿಮ್ಮಮ್ಮನಿಗೆ ಹೇಳು, ಅದು ನನ್ನ ಚಪ್ಪಲಿಯಲ್ಲ ಅಂತ.’ ನಾನು ಮೆಷಿನ್ ತುಳಿಯುತ್ತಾ ಈ ಕಡೆಯದನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ದಾಟಿಸುತ್ತಿದ್ದೆ. ಇದ್ದದ್ದನ್ನು ಇದ್ದ ಹಾಗೆ ದಾಟಿಸಿದೆ ಅಂತ ತಿಳಿಯಬೇಡಿ. ಅಮ್ಮ ‘ಆ ಕಟುಕನಿಗೆ ಹೇಳು’ ಅಂದರೆ ನಾನು ಇವರಿಗೆ, ‘ಅಮ್ಮ ಊಟ ಆಯ್ತಾ ಅಂತ ಕೇಳ್ತಿದ್ದಾರೆ’ ಅನ್ನುತ್ತಿದ್ದೆ. ಇವರು ‘ಆ ಮುದುಕಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?’ ಅಂದರೆ ನಾನು ಅಮ್ಮನಿಗೆ, ‘ಮಂಡಿನೋವು ಹೇಗಿದೆ ಅಂತ ಕೇಳಿದ್ರು’ ಅನ್ನುತ್ತಿದ್ದೆ. ಅಮ್ಮಾ, ಹೀಗೆ ನೋಡಬೇಡಿ, ಸಭೆಯಲ್ಲಿದ್ದೇವೆ.

ಅದು ನಮ್ಮ ಮನೆಯ ಜಗಳ ಮಾತ್ರವೇ ಆಗಿತ್ತೇ? ಇಲ್ಲ. ಊರೇ ಎರಡು ಪಾಲಾಗಿತ್ತು. ಬೇಟೆಯವರು ಒಂದು ಕಡೆ, ಮದ್ದಿನವರು ಒಂದು ಕಡೆ. ಅದೇ ಹೊತ್ತಿಗೆ ಅರಣ್ಯ ಕಚೇರಿಯಿಂದ ಸುದ್ದಿ ಬಂತು. ಗುಡ್ಡ ಬರಿದಾಗುತ್ತಿದೆ, ಸುತ್ತ ತಂತಿ ಬೇಲಿ ಹಾಕುತ್ತೇವೆ, ಬೇಟೆಯವರೂ ಹೋಗುವಂತಿಲ್ಲ, ಮದ್ದಿನವರೂ ಹೋಗುವಂತಿಲ್ಲ, ಆಕ್ಷೇಪವಿದ್ದರೆ ಸಭೆಗೆ ಬಂದು ಹೇಳಿ. ಸಾಹೇಬರೇ, ನಿಮ್ಮನ್ನು ಈಗ ಯಾರೂ ದೂರುವುದಿಲ್ಲ. ಗುಡ್ಡ ಬರಿದಾಗುತ್ತಿದ್ದದ್ದು ನಿಜ. ಆದರೆ ಯೋಚಿಸಿ, ಗುಡ್ಡವಿಲ್ಲದೆ ಮದ್ದಿನಮ್ಮ ಯಾರು? ಒಬ್ಬಳು ಮುದುಕಿ. ಗುಡ್ಡವಿಲ್ಲದೆ ನಮ್ಮ ಯಜಮಾನರು ಯಾರು? ಬಾಗಿಲ ಬಳಿ ಚಪ್ಪಲಿ ಬಿಡುವ ಒಬ್ಬ ಗಂಡಸು.

ಈ ಸುದ್ದಿ ಬಂದಮೇಲಾದರೂ ಇಬ್ಬರೂ ಕೂತು ಮಾತಾಡಿದರೇ? ಇಲ್ಲ. ಇಬ್ಬರ ದನಿಯೂ ಏರಿತು, ನನ್ನ ಕೆಲಸ ಹೆಚ್ಚಿತು. ಒಂದು ದಿನ ಮಧ್ಯಾಹ್ನ ಒಂದು ಅಂಗಿಯ ತೋಳನ್ನು ಕತ್ತಿನ ಜಾಗಕ್ಕೆ ಹೊಲಿದುಬಿಟ್ಟೆ. ಅದನ್ನು ಬಿಚ್ಚುತ್ತಾ ಕೂತಾಗ ಅನ್ನಿಸಿತು, ಬೆಳಗಿನಿಂದ ಇಬ್ಬರೂ ನನ್ನ ಹತ್ತಿರ ಮಾತಾಡುತ್ತಲೇ ಇದ್ದಾರೆ, ಆದರೆ ನನ್ನ ಜೊತೆ ಯಾರೂ ಒಂದು ಮಾತೂ ಆಡಿಲ್ಲ.

ಪಟ್ಟಣದಲ್ಲಿ ನನ್ನ ಗೆಳತಿಯೊಬ್ಬಳು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಅವಳಿಗೆ ಕೆಲಸ ಹೆಚ್ಚಾಗಿದೆ, ನಾಲ್ಕು ದಿನ ಇದ್ದು ಬರುತ್ತೇನೆ ಅಂತ ಇಬ್ಬರಿಗೂ ಹೇಳಿ ಹೊರಟೆ. ನಾಲ್ಕು ದಿನಕ್ಕೆ ಬೇಕಾದ ಬಟ್ಟೆ, ಕತ್ತರಿ, ಹೊಲಿಗೆ ಮೆಷಿನ್...

ಯಾಕೆ ನಗುತ್ತೀರಿ? ಮೆಷಿನ್‌ಗೆ ಎಣ್ಣೆ ಹಾಕಿಸಬೇಕಿತ್ತು. ಪಟ್ಟಣದಲ್ಲಿ ಒಳ್ಳೆಯ ಎಣ್ಣೆ ಸಿಗುತ್ತದೆ... ಹೋಗಲಿ ಬಿಡಿ. ನಗಿ. ಅಧ್ಯಕ್ಷರೂ ನಗುತ್ತಿದ್ದಾರೆ. ಇವರೊಬ್ಬರು ನಗುತ್ತಿಲ್ಲ, ನೆಲ ನೋಡುತ್ತಿದ್ದಾರೆ. ಮುಂದೆ ಹೋಗೋಣ.

ನಾನು ಹೋದಮೇಲೆ ಏನಾಯಿತು ಅಂತ ನಾನು ಕಂಡಿಲ್ಲ, ಆಮೇಲೆ ಕೇಳಿದ್ದು. ಅಮ್ಮನಿಗೆ ಕಣ್ಣು ಅಷ್ಟಕ್ಕಷ್ಟೇ. ಗುಡ್ಡಕ್ಕೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ಬಾಗಿಲಿಗೆ ಬಂದರಂತೆ. ಮೆಷಿನ್ ಇದ್ದ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಹೇಳಿದರಂತೆ, ‘ಯಾರಾದರೂ ಗುಡ್ಡಕ್ಕೆ ಹೋಗುವವರಿದ್ದರೆ ನಾನೂ ಹೊರಟಿದ್ದೇನೆ.’ ಒಳಗಿದ್ದ ಇವರು ಎದ್ದು ಚಪ್ಪಲಿ ಮೆಟ್ಟಿದರಂತೆ. ಇವರು ಮುಂದೆ, ಅಮ್ಮ ಹಿಂದೆ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮುಳ್ಳಿನ ಕೊಂಬೆ ಬಂದಾಗ ಇವರು ಹಿಡಿದು ನಿಲ್ಲುವುದು, ಅಮ್ಮ ದಾಟುವುದು, ಮತ್ತೆ ನಡೆಯುವುದು.

ಮೇಲೆ ಒಂದು ಚಪ್ಪಟೆ ಬಂಡೆಯಿದೆ. ಅದರ ಮೇಲೆ ಪುನುಗು ಬೆಕ್ಕಿನ ಹಿಕ್ಕೆ ಬಿದ್ದಿತ್ತು. ಬೇಟೆಗಾರನ ಚಾಳಿ, ಇವರು ಕೂತು ಕಡ್ಡಿಯಿಂದ ಅದನ್ನು ಬಿಡಿಸಿ ನೋಡತೊಡಗಿದರು. ಅಮ್ಮನಿಗೆ ತಡೆಯಲಾಗಲಿಲ್ಲ.

‘ಆ ಹೊಲಸಲ್ಲಿ ಏನು ಹುಡುಕ್ತೀರಿ?’

‘ಏನು ತಿಂದಿದೆ ಅಂತ ನೋಡ್ತಿದ್ದೀನಿ, ಅತ್ತೆ. ಈಗ ಇವು ಕಾಣೋದೇ ಅಪರೂಪ. ಮೊದಲು ಈ ಬಂಡೆ ತುಂಬ ಇರ್ತಿತ್ತು.’

‘ಏನು ತಿಂದಿದೆ?’

‘ಯಾವುದೋ ಹಣ್ಣು. ಬರೀ ಬೀಜ.’

‘ಕೊಡಿ ಇಲ್ಲಿ.’

ಕೊಡಿ ಇಲ್ಲಿ ಅಂದರಂತೆ! ಕೈ ತೊಳೆಯದೆ ಮದ್ದಿನ ಡಬ್ಬ ಮುಟ್ಟಲು ಬಿಡದ ನಮ್ಮಮ್ಮ, ಕೈ ಚಾಚಿ, ಆ ಬೀಜವನ್ನು ಕಣ್ಣಿನ ಹತ್ತಿರ ತಂದು, ಉಗುರಿಂದ ಕೆರೆದು, ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟರಂತೆ. ಜ್ವರದ ಮರದ ಬೀಜ! ಅಮ್ಮ ಆ ಬೀಜವನ್ನು ಕುಂಡದಲ್ಲಿ ಎಷ್ಟೋ ಸಲ ಬಿತ್ತಿದ್ದರು. ಎಷ್ಟೋ ಸಲ ಕೊಳೆತುಹೋಗಿತ್ತು. ಅದರ ಸಿಪ್ಪೆ ಅಷ್ಟು ಗಟ್ಟಿ. ಬೆಕ್ಕಿನ ಹೊಟ್ಟೆಯಿಂದ ಬಂದ ಈ ಬೀಜದ ಸಿಪ್ಪೆ ಮಾತ್ರ ತೆಳ್ಳಗಾಗಿ ಉಗುರಿಗೆ ಬಿಟ್ಟುಬರುತ್ತಿತ್ತು. ‘ಕರವಸ್ತ್ರ ಇದೆಯಾ?’ ಅಂದರಂತೆ ಅಮ್ಮ. ಇವರು ಕೊಟ್ಟರು. ನಾನು ಮದುವೆಯಾದ ಹೊಸತರಲ್ಲಿ ಅಂಚಿಗೆ ಕಸೂತಿ ಹಾಕಿ ಕೊಟ್ಟ ಕರವಸ್ತ್ರ. ಅದರಲ್ಲಿ ಹಿಕ್ಕೆ ಸಮೇತ ಗಂಟು ಕಟ್ಟಿದರು. ಅದು ಎಷ್ಟು ತೊಳೆದರೂ ಬೆಳ್ಳಗಾಗಲಿಲ್ಲ. ನನಗೆ ಅದರ ಬಗ್ಗೆ ಬೇಸರವಿಲ್ಲ ಅಂತ ಈ ಸಭೆಯಲ್ಲಿ ದಾಖಲಿಸುತ್ತೇನೆ.

ನಾನು ಪಟ್ಟಣದ ಕೋಣೆಯಲ್ಲಿದ್ದೆ. ನಾಲ್ಕು ದಿನ ಮುಗಿದು ಬಹಳವಾಗಿತ್ತು. ಹೊರಗೆ ಬೈಕಿನ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಸಭಿಕರೇ, ನಾನು ನಂಬಲಿಲ್ಲ. ನೀವೂ ನಂಬುತ್ತಿರಲಿಲ್ಲ. ಮುಂದೆ ಇವರು. ಹಿಂದೆ, ಒಂದು ಕೈಯಿಂದ ಇವರ ಅಂಗಿ ಹಿಡಿದು, ಇನ್ನೊಂದು ಕೈಯಲ್ಲಿ ತೊಡೆಯ ಮೇಲೆ ಮಣ್ಣಿನ ಕುಂಡ ಅವಚಿಕೊಂಡು, ಅಮ್ಮ! ಕೂದಲೆಲ್ಲ ಗಾಳಿಗೆ ನಿಂತುಬಿಟ್ಟಿತ್ತು. ಬೈಕು ನಿಲ್ಲುವ ಮೊದಲೇ ಇಬ್ಬರೂ ಒಟ್ಟಿಗೆ ಕೂಗತೊಡಗಿದರು. ‘ಮೊಳಕೆ ಬಂತು!’ ಅಂತ ಅಮ್ಮ. ‘ಬೆಕ್ಕು ಕಣೇ, ಬೆಕ್ಕು!’ ಅಂತ ಇವರು. ಬೀದಿಯವರು ಯಾರಿಗೋ ಬೆಕ್ಕು ಕಚ್ಚಿದೆ ಅಂದುಕೊಂಡು ಓಡಿಬಂದರು.

ಒಳಗೆ ಬಂದರು. ‘ಇವಳಿಗೆ ಹೇಳಿ, ಆ ಬಂಡೆಯ ವಿಷಯ ಮೊದಲು ಹೇಳಿ’ ಅಂತ ಅಮ್ಮ. ‘ಇಲ್ಲ ಅತ್ತೆ, ಬೀಜದ ವಿಷಯ ನೀವೇ ಹೇಳಿ’ ಅಂತ ಇವರು. ನಾನು ಟೇಪು ಕೊರಳಲ್ಲಿ ಹಾಕಿಕೊಂಡು ನಿಂತೇ ಇದ್ದೆ. ಸಸಿಯನ್ನು ತುಳಿದವರೂ ಇಲ್ಲ, ಅಗೆದವರೂ ಇಲ್ಲ. ಬೀಜ ಬಿತ್ತುತ್ತಿದ್ದ ಬೆಕ್ಕೇ ಗುಡ್ಡದಲ್ಲಿ ಇಲ್ಲವಾಗುತ್ತಿತ್ತು. ಮದ್ದಿಗೆ ಹಾಕುವ ಪುನುಗು, ಅಂದರೆ ಆ ಬೆಕ್ಕಿನ ಮೈಯಿಂದ ತೆಗೆಯುವ ಪರಿಮಳದ ಜಿಡ್ಡು ಬೇಕು ಅಂತ ಮದ್ದಿನವರು ಕೇಳುತ್ತಿದ್ದರು, ಕೇಳಿದ್ದಕ್ಕೆ ಬೇಟೆಯವರು ಬೋನು ಹಾಕಿ ಹಿಡಿಯುತ್ತಿದ್ದರು. ಇಬ್ಬರೂ ಸೇರಿಯೇ ಮಾಡಿದ ಕೆಲಸ, ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಾ ಕೂತದ್ದು.

ಕುಂಡದ ಮಣ್ಣಿನಲ್ಲಿ ಎರಡು ಎಲೆಯ ಹಸಿರು ತಲೆ ಎತ್ತಿತ್ತು. ನಾವು ಮೂವರೂ ಅದನ್ನು ನೋಡುತ್ತಾ ನಿಂತೆವು. ಆಮೇಲೆ ಇವರ ಕಣ್ಣು ಗೋಡೆಗೆ ಒರಗಿಸಿಟ್ಟಿದ್ದ ಬೋರ್ಡಿನ ಮೇಲೆ ಹೋಯಿತು. ನನ್ನ ಅಂಗಡಿಯ ಬೋರ್ಡು. ಬಣ್ಣ ಇನ್ನೂ ಒಣಗಿರಲಿಲ್ಲ. ಇವರು ಓದಿದರು. ಮತ್ತೊಮ್ಮೆ ಓದಿದರು. ಅಮ್ಮ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ‘ಅಕ್ಷರ ದುಂಡಗಿದೆ’ ಅಂದರು. ಅಷ್ಟೇ ಅಂದರು. ಇವರು ಹೊರಡುವಾಗ ಬಾಗಿಲಲ್ಲಿ ನಿಂತು, ‘ಈಗಲೇ ಬಾ ಅಂತ ಕರೆಯೋಕೆ ಬಂದಿಲ್ಲ. ಇದನ್ನ ಮೊದಲು ನಿನಗೆ ತೋರಿಸಬೇಕು ಅನ್ನಿಸ್ತು’ ಅಂದರು.

ಇಂಥ ಮಾತನ್ನು ಇವರು ಅದಕ್ಕೆ ಮೊದಲು ಆಡಿರಲಿಲ್ಲ. ಆಮೇಲೂ ಹೆಚ್ಚು ಆಡಿಲ್ಲ. ಆದರೆ ನನಗೆ ಅದು ಸಾಕಾಯಿತು. ಆ ಅಂಗಡಿಯನ್ನು ನಾನು ಮುಚ್ಚಲಿಲ್ಲ. ಈಗಲೂ ನಡೆಸುತ್ತೇನೆ, ನಿಮ್ಮಲ್ಲಿ ಅರ್ಧ ಜನ ತೊಟ್ಟಿರುವ ಬಟ್ಟೆ ನನ್ನದೇ. ಆದರೆ ಸಂಜೆಯ ಬಸ್ಸಿಗೆ ಮನೆಗೆ ಬರುತ್ತೇನೆ.

ಈಗ ಬೇಲಿಯ ಬಗ್ಗೆ ಅರಣ್ಯ ಕಚೇರಿಯವರು ಕರೆದ ಆ ಸಭೆ. ಇದೇ ಸಭಾಂಗಣ. ಇದೇ ಗುಯ್‌ಗುಟ್ಟುವ ಫ್ಯಾನು. ಆ ಕಡೆ ಬೇಟೆಯವರು, ಈ ಕಡೆ ಮದ್ದಿನವರು, ನಡುವೆ ಬೆಂಚು ಹಾಕಬಹುದಾದಷ್ಟು ಜಾಗ. ಅಮ್ಮ ಎದ್ದರು. ಬೇಟೆಯವರನ್ನು ಬೈಯುತ್ತಾರೆ ಅಂತ ಎಲ್ಲರೂ ಅಂದುಕೊಂಡರು. ಅಮ್ಮ ಚೀಲದಿಂದ ಒಂದು ಪುಟ್ಟ ಶೀಶೆ ತೆಗೆದು ಸಾಹೇಬರ ಮೇಜಿನ ಮೇಲಿಟ್ಟರು. ‘ಇದು ಪುನುಗು. ಇದನ್ನ ಕೇಳಿದವರು ನಾವು. ನಾವು ಕೇಳದೇ ಇದ್ದರೆ ಅವರು ಹಿಡೀತಿರಲಿಲ್ಲ. ಇನ್ನು ನಾನು ಕೇಳಲ್ಲ, ನನ್ನ ಹತ್ತಿರ ಕಲಿತವರೂ ಕೇಳಲ್ಲ. ಇದಿಲ್ಲದೆಯೂ ನನಗೆ ಮದ್ದು ಮಾಡೋಕೆ ಬರುತ್ತೆ. ಎಳೆ ಮರ ಮೇಲೆ ಬರೋವರೆಗೂ ಮುದಿ ಮರಕ್ಕೂ ಕತ್ತಿ ಹಾಕಲ್ಲ, ಬಿದ್ದ ಕೊಂಬೆಯ ತೊಗಟೆ ಸಾಕು.’

ಇವರು ಎದ್ದು ಬೆಕ್ಕಿನ ಕಥೆ ಹೇಳಿದರು. ಉರುಳು ಬಿಚ್ಚೋಣ, ಬೋನು ತೆಗೆಯೋಣ ಅಂದರು. ಆಗ ಎದ್ದರು ನಮ್ಮ ಮಾವನವರು. ಮಾವ, ಕೈಸನ್ನೆ ಮಾಡಬೇಡಿ, ಇದನ್ನು ಹೇಳಿಯೇ ಹೇಳುತ್ತೇನೆ. ‘ಒಂದು ಬೆಕ್ಕಿಗೋಸ್ಕರ ನಾವು ಬೇಟೆ ಬಿಡಬೇಕೇನೋ? ನಮ್ಮಪ್ಪ ಕಲಿಸಿದ್ದು, ಅವರಪ್ಪ ಕಲಿಸಿದ್ದು. ಅದನ್ನ ಬಿಟ್ಟು ನಾನು ಗುಡ್ಡದಲ್ಲಿ ಏನು ಮಾಡಲಿ, ಹೂ ಕೀಳಲಾ?’ ಅಂತ ಗುಡುಗಿದರು. ಜನ ನಕ್ಕರು, ಆದರೆ ಮಾವನವರ ಕಣ್ಣು ತುಂಬಿತ್ತು. ನಾನು ಹತ್ತಿರವೇ ಕೂತಿದ್ದೆ, ನೋಡಿದೆ. ಇವರು ಅಪ್ಪನ ಮುಂದೆ ಹೋಗಿ ನಿಂತು, ‘ಅಪ್ಪ, ಹೆಜ್ಜೆ ನೋಡೋದು ಬಿಡಬೇಡಿ, ಜಾಡು ಹಿಡಿಯೋದು ಬಿಡಬೇಡಿ. ಎಲ್ಲಾ ಮಾಡಿ. ಕೊನೆಯ ಒಂದು ಕೆಲಸ ಮಾತ್ರ ಬಿಡೋಣ. ಕಂಡಮೇಲೆ ಸುಮ್ಮನೆ ಕೂತು ನೋಡೋಣ’ ಅಂದರು.

ಸಾಹೇಬರು ಕೇಳಿದರು, ‘ಮಾತು ಚೆನ್ನಾಗಿದೆ. ಆದರೆ ಇದಕ್ಕೆ ಜವಾಬ್ದಾರಿ ಯಾರು?’ ಕೇಳಬೇಕಾದ ಪ್ರಶ್ನೆಯೇ. ಅಮ್ಮ, ‘ಇವರ ಮಾತಿಗೆ ನಾನು ಜವಾಬ್ದಾರಿ’ ಅಂದರು. ಇವರು, ‘ಅತ್ತೆಯ ಮಾತಿಗೆ ನಾನು’ ಅಂದರು. ಯೋಚಿಸಿ ಆಡಿದ ಮಾತಲ್ಲ ಅದು, ಒಂದೇ ಉಸಿರಿಗೆ ಬಂದದ್ದು. ಸಾಹೇಬರು, ‘ಬರುವ ಮಳೆಗಾಲ ಮುಗಿಯುವವರೆಗೆ ಬೇಲಿ ಬೇಡ. ಅಷ್ಟರಲ್ಲಿ ಗುಡ್ಡದಲ್ಲಿ ತಾನಾಗಿ ಹುಟ್ಟಿದ ಸಸಿ ತೋರಿಸಿ’ ಅಂದರು.

ಆಹಾ, ಆ ಕಾಯುವಿಕೆ! ಬೇಟೆಯವರು ತಾವು ಹಾಕಿದ ಉರುಳನ್ನು ತಾವೇ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದರು. ಮದ್ದಿನ ಹೆಂಗಸರು ಗುದ್ದಲಿ ಕೆಳಗಿಟ್ಟರು. ಹೊರಗಿನಿಂದ ಬೋನು ಹಾಕಲು ಬಂದವರನ್ನು ಇಬ್ಬರೂ ಸೇರಿ ವಾಪಸು ಕಳಿಸಿದರು. ಆದರೆ ಬೆಕ್ಕು ಎಲ್ಲಿ? ಬೇಸಿಗೆ ಪೂರ್ತಿ ಬಂಡೆಯ ಮೇಲೆ ಏನೂ ಇಲ್ಲ. ಹಿಕ್ಕೆಯಿಲ್ಲ, ಹೆಜ್ಜೆಯಿಲ್ಲ. ಇವರು ಹೋಗಿ ಬರಿಗೈಯಲ್ಲಿ ಬಂದು ಊಟಕ್ಕೆ ಕೂರುತ್ತಿದ್ದರು. ಇದ್ದದ್ದೇ ಅದೊಂದು, ಅದೂ ಹೋಯಿತೇನೋ ಅಂತ ಅಮ್ಮ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಜನ ಆಡಿಕೊಳ್ಳತೊಡಗಿದರು. ಕೆಲವರು ಬಿಚ್ಚಿದ ತಂತಿಯನ್ನು ಮತ್ತೆ ಒರೆಸಿಟ್ಟುಕೊಂಡರು.

ಎಲ್ಲರೂ ಕೈಚೆಲ್ಲಿದಾಗ ಕೈಚೆಲ್ಲದವರು ಯಾರು ಗೊತ್ತೇ? ನಮ್ಮ ಮಾವ! ಬೆಳಗಾದರೆ ಬುತ್ತಿ ಹಿಡಿದು ಗುಡ್ಡದ ಮೇಲೆ. ಬಂಡೆಯ ಎದುರು ಪೊದೆಯಲ್ಲಿ ಕೂತರೆ ಕೂತರು. ಜೊತೆಗೆ ಹೋದವರು ಕೆಮ್ಮುವಂತಿಲ್ಲ. ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಮ್ಮನ ಅಂಗಳಕ್ಕೆ ಓಡಿಬಂದರು. ಮಾವ ಓಡಿದ್ದನ್ನು ನಮ್ಮ ಅತ್ತೆಯೂ ಕಂಡಿರಲಿಲ್ಲ. ‘ಬೀಗಿತ್ತೀ, ಇದೆ! ಇದೆ!’ ಅಂತ ಕೂಗುತ್ತಾ, ಊಟದ ಡಬ್ಬದ ಮುಚ್ಚಳದಲ್ಲಿ ಹಿಕ್ಕೆಯನ್ನು ಇಟ್ಟುಕೊಂಡು, ಸಿಹಿ ಹಂಚುವವರ ಹಾಗೆ ಎಲ್ಲರ ಮುಂದೆ ಹಿಡಿದರು. ಎಲ್ಲರೂ ಬಗ್ಗಿ ನೋಡಿದೆವು. ಬೀಜ! ಬೀಜ! ಬರೀ ಬೀಜ!

ಮಳೆಗಾಲ ಮುಗಿಯುವ ಹೊತ್ತಿಗೆ ಸಾಹೇಬರನ್ನು ಗುಡ್ಡಕ್ಕೆ ಕರೆದುಕೊಂಡು ಹೋದೆವು. ಊರಿಗೆ ಊರೇ ಹೊರಟಿತ್ತು. ಬಂಡೆಯಿಂದ ಹಳ್ಳದವರೆಗೆ, ಬೆಕ್ಕು ನಡೆದ ಜಾಡಿನ ಉದ್ದಕ್ಕೂ, ಇಲ್ಲೊಂದು ಅಲ್ಲೊಂದು ಎಳೆ ಸಸಿ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹೊಯ್ದದ್ದಲ್ಲ. ಸಾಹೇಬರು ಕೆಸರಲ್ಲೇ ಮಂಡಿಯೂರಿ ಕೂತು ಎಲೆ ಮುಟ್ಟಿ ನೋಡಿದರು. ಆ ಪ್ಯಾಂಟಿನ ಕಲೆ ಹೋಯಿತೇ, ಸಾಹೇಬರೇ? ಹೋಗದಿದ್ದರೆ ಅಂಗಡಿಗೆ ಕಳಿಸಿ. ಅಲ್ಲೇ ನಿಂತು ಬೇಲಿಯ ಮಾತು ವಾಪಸು ಪಡೆದರು. ಇವತ್ತು ಅದೇ ಗುಡ್ಡದ ಕಾವಲನ್ನು ಬೇಟೆಯವರೂ ಮದ್ದಿನವರೂ ಕೂಡಿದ ಸಂಘಕ್ಕೆ ಒಪ್ಪಿಸಲು ಬಂದಿದ್ದಾರೆ. ಚಪ್ಪಾಳೆ ಈಗ ಹೊಡೆಯಿರಿ, ನಾನೂ ಹೊಡೆಯುತ್ತೇನೆ!

ಇನ್ನೊಂದು ಸುದ್ದಿಯಿದೆ. ಮಾವನವರು ತಾವೇ ಹೇಳಬೇಕು ಅಂತ ಇಟ್ಟುಕೊಂಡಿದ್ದರು, ಕ್ಷಮಿಸಿ ಮಾವ, ನನ್ನಿಂದ ತಡೆಯಲಾಗುತ್ತಿಲ್ಲ. ಮೊನ್ನೆ ಬಂಡೆಯ ಸಂದಿಯಿಂದ ತಾಯಿ ಬೆಕ್ಕು ಹೊರಗೆ ಬಂತಂತೆ. ಅದರ ಹಿಂದೆ ಮರಿಗಳು! ಬಾಲ ನಿಮಿರಿಸಿಕೊಂಡು, ಒಂದರ ಮೇಲೊಂದು ಬೀಳುತ್ತಾ! ಗುಡ್ಡದಲ್ಲಿ ಜೀವಮಾನ ಕಳೆದ ಮಾವ, ‘ಇಷ್ಟು ವರ್ಷ ನಾನು ಇವನ್ನ ನೋಡಿಯೇ ಇರಲಿಲ್ಲ’ ಅಂದರು.

ನಾನು ಮುಗಿಸಬೇಕು. ಆದರೆ ಆರಂಭದಲ್ಲಿ ಒಂದು ತಪ್ಪಾಯಿತು, ಕೆಲವರನ್ನು ಸಂಬೋಧಿಸುವುದು ಮರೆತೆ. ಕೊನೆಯ ಸಾಲುಗಳಲ್ಲಿ ಕೂತಿರುವ, ನದಿಯಾಚೆಯ ಗುಡ್ಡದಿಂದ ಬಂದಿರುವ ಬಂಧುಗಳೇ, ನಿಮ್ಮ ಗುಡ್ಡದಲ್ಲೂ ಹಾಗೆಯೇ ಆಗಿದೆ, ಹೇಗೆ ಮಾಡುವುದು ಅಂತ ಕೇಳಲು ಬಂದಿದ್ದೀರಿ ಅಂತ ಬೆಳಿಗ್ಗೆ ತಿಳಿಯಿತು. ನಾನು ಇಲ್ಲಿಂದ ನೋಡುತ್ತಲೇ ಇದ್ದೇನೆ. ನಿಮ್ಮ ಬೇಟೆಯವರು ಎಡಗಡೆಯ ಗೋಡೆಗೆ, ಮದ್ದಿನವರು ಬಲಗಡೆಯ ಗೋಡೆಗೆ. ಒಂದೇ ಬಸ್ಸಿನಲ್ಲಿ ಬಂದವರು, ಒಬ್ಬರ ಕಡೆ ಒಬ್ಬರು ತಿರುಗಿ ನೋಡಿಲ್ಲ.

ಹೇಗೆ ಮಾಡುವುದು ಅಂತ ನಮ್ಮ ಸಂಘದವರು ಮಧ್ಯಾಹ್ನ ವಿವರವಾಗಿ ಹೇಳುತ್ತಾರೆ. ಅದಕ್ಕೆ ಮೊದಲು ನನ್ನದೊಂದು ಬೇಡಿಕೆ. ನಡುವಿನ ಕುರ್ಚಿಗಳು ಖಾಲಿ ಇವೆ. ಎದ್ದು ಬನ್ನಿ. ನೀವು ಬಂದು ಕೂರುವವರೆಗೆ ನಾನು ಮೈಕು ಬಿಡುವುದಿಲ್ಲ, ಮಾವನವರು ಎಷ್ಟು ಕೈ ಆಡಿಸಿದರೂ ಬಿಡುವುದಿಲ್ಲ.

ಬನ್ನಿ. ನಾಚಿಕೆ ಯಾಕೆ?

ಹಾಂ, ಅಜ್ಜಿ ಎದ್ದರು! ನಿಧಾನ ಅಜ್ಜಿ, ಕಾಲಡಿ ಮೈಕಿನ ವೈರು ಇದೆ. ಆ ಕಡೆಯವರು ಯಾರಾದರೂ... ಮೀಸೆಯವರೇ, ನೀವೇ, ನಿಮ್ಮನ್ನೇ. ಹೋಗಿ, ಆ ಅಜ್ಜಿಯ ಕೈಗೆ ನಿಮ್ಮ ಕೈ ಕೊಡಿ. ಹಾಗೆ. ಹಾಗೇ. ಕುರ್ಚಿ ಎಳೆದುಕೊಡಿ. ನೀವೂ ಕೂರಿ, ಪಕ್ಕದಲ್ಲೇ. ಅಜ್ಜಿ ಏನೋ ಕೇಳುತ್ತಿದ್ದಾರೆ, ನನಗೆ ಇಲ್ಲಿಗೆ ಕೇಳಿಸುತ್ತಿಲ್ಲ, ಕೇಳಿಸಬೇಕಾಗಿಯೂ ಇಲ್ಲ. ನೀವು ಉತ್ತರ ಹೇಳಿ.

ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ನನ್ನ ಅಮ್ಮನಿಗೆ, ನನ್ನ ಯಜಮಾನರಿಗೆ, ನಿಮಗೆಲ್ಲರಿಗೂ ಮನಸಾರೆ ವಂದನೆಗಳು. ನಮಸ್ಕಾರ.